ಐದು ಹೆಂಗಸರಲ್ಲಿ ಅವ್ವ ಯಾರು

ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ದಾನೇಶ್ವರಿಗೆ ಈಗ ಐವತ್ತೇಳು ವರ್ಷ. ಹೆತ್ತ ತಾಯಿಯ ಮುಖ ಹೇಗಿತ್ತು ಅಂತ ಮಾತ್ರ ಆಕೆಗೆ ಗೊತ್ತಿಲ್ಲ. ಮಗಳಿಗೆ ತೊದಲು ಮಾತು ಬರುವ ಮೊದಲೇ ಬಾಳವ್ವ ಜ್ವರದಿಂದ ತೀರಿಕೊಂಡಿದ್ದಳು. ಅಪ್ಪ ಸೋಮಪ್ಪ ವರ್ಷದೊಳಗೆ ಬಾಳವ್ವನ ತಂಗಿ ಶಿವವ್ವನನ್ನೇ ಮದುವೆಯಾದ. ಶಿವವ್ವ ಅಕ್ಕನ ಕೂಸನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹಾಗೆ ಬೆಳೆಸಿದಳು. ಆಕೆಗೆ ನೋವಾದೀತೆಂದು ಮನೆಯಲ್ಲಿ ಯಾರೂ ಸತ್ತವಳ ಹೆಸರೆತ್ತಲಿಲ್ಲ, ದಾನೇಶ್ವರಿಯೂ ಎತ್ತಲಿಲ್ಲ. ಗಿರಣಿಗೆ ಬಂದ ಜೋಳದಲ್ಲಿ ಒಂದು ಹರಳು ಸಿಕ್ಕರೆ ಓಣಿಗೆಲ್ಲ ಕೇಳುವಂತೆ ಒದರಾಡುವ ಹೆಂಗಸು, ಇದೊಂದು ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಹೋದ ವರ್ಷ ಹುಕ್ಕೇರಿಯಲ್ಲಿ ತಾಯಿಯ ತವರುಮನೆ ಕೆಡವಿದಾಗ ಗೋಡೆಗೂಡಿನಲ್ಲಿ ಒಂದು ಫೋಟೋ ಸಿಕ್ಕಿತು. ಬಾಳವ್ವನ ಕಾಕಾನ ಮಗ ಶಿದ್ಲಿಂಗಪ್ಪನ ಮದುವೆಯಲ್ಲಿ ಮನೆಯ ಐದು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ತೆಗೆದದ್ದು. ಅದೇ ಶಿದ್ಲಿಂಗಪ್ಪ ಫೋನ್ ಮಾಡಿ, "ಇದರಾಗ ನಿಮ್ಮವ್ವ ಇರಬೇಕವಾ" ಅಂದದ್ದೇ ತಡ, ದಾನೇಶ್ವರಿ ಗಿರಣಿಯ ಬಾಗಿಲು ಹಾಕಿ ಬಸ್ ಹತ್ತಿದಳು. ಆ ತಿಂಗಳು ಆಕೆಯ ಹೊಸ ಮನೆಯ ವಾಸ್ತುಶಾಂತಿ ಇತ್ತು. ಅಷ್ಟರೊಳಗೆ ಅಪ್ಪನ ಫೋಟೋದ ಬಾಜೂ ಅವ್ವನದೂ ಗೋಡೆ ಏರಲೇಬೇಕು ಎಂದು ಹಟ ಹಿಡಿದಿದ್ದಳು.

"ಮಾವಾರ, ಇದರಾಗ ನಮ್ಮವ್ವ ಯಾರ್ರಿ?"

ಐವರೂ ಹಣೆಯ ತನಕ ಸೆರಗು ಎಳೆದುಕೊಂಡಿದ್ದರು. ಇದ್ದಷ್ಟು ಮುಖವೂ ಶೇಂಗಾಕಾಳಿನಷ್ಟೇ. ಶಿದ್ಲಿಂಗಪ್ಪ ಚಷ್ಮಾ ಒರೆಸಿ ಎಡತುದಿಯವಳ ಮೇಲೆ ಬೆರಳಿಟ್ಟ. ತುಸು ಹೊತ್ತಿಗೆ ಬೆರಳು ಬಲತುದಿಗೆ ಹೋಯಿತು.

"ಈಕಿ ಅಂತೇನಿ. ಅಲ್ಲಲ್ಲ, ಈಕಿ ನಮ್ಮತ್ತಿ. ಅವತ್ತ ನಾ ಮದಮಗಾ ಇದ್ನೆವಾ. ಬಾಸಿಂಗ ಕಣ್ಣಿಗೆ ಅಡ್ಡ ಬಂದು ಏನೂ ಕಾಣ್ತಿರಲಿಲ್ಲ."

"ಇದನ್ನ ಹೇಳಾಕ ನನ್ನ ಇಲ್ಲೀತನಕ ಕರಸಿದ್ರೇನ್ರಿ?"

ಅಲ್ಲಿಂದ ಮಸಗುಪ್ಪಿಗೆ. ಬಾಳವ್ವನ ಗೆಳತಿ ಸತ್ತೆವ್ವ ಅಲ್ಲಿದ್ದಾಳೆ, ಎಂಬತ್ತು ದಾಟಿದವಳು. ಆಕೆ ಫೋಟೋದಲ್ಲಿನ ಮುಖಗಳ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

"ಮಾರಿ ಯಾಕ ನೋಡ್ತಿ? ಸೀರಿ ನೋಡು, ಕೊಳ್ಳಾಗಿನ ಬೋರಮಾಳ ನೋಡು. ಇಳಕಲ್ಲಿಂದ ತಂದ ಸೀರಿ ಅದು, ಬಾಳವ್ವನ ಮದವೀದು. ನಡುವ ನಿಂತಾಳಲ್ಲ, ಆಕೀನ ನಿಮ್ಮವ್ವ. ಖರೆ ಹೇಳ್ತೇನಿ."

ದಾನೇಶ್ವರಿ ಅಲ್ಲಿಂದಲೇ ಹುಕ್ಕೇರಿಗೆ ಫೋನ್ ಹಚ್ಚಿದಳು. "ಹೌದೌದು, ನಾನೂ ಅದನ್ನ ಹೇಳಿದ್ನೆಲ್ಲ" ಅಂದ ಶಿದ್ಲಿಂಗಪ್ಪ. ಯಾವಾಗ ಹೇಳಿದ್ದೋ ಶಿವನೇ ಬಲ್ಲ!

ಗೋಕಾಕದ ಫೋಟೋ ಅಂಗಡಿಯ ವಿಶಾಲ ನಡುವಿನವಳನ್ನು ಬಿಡಿಸಿ ದೊಡ್ಡದು ಮಾಡಿದ. ತುಟಿಗೆ ಕೆಂಪು ಬಳಿದ, ಬೆನ್ನ ಹಿಂದೆ ಒಂದು ಜಲಪಾತ ಧುಮುಕಿಸಿದ.

"ಭಾರಿ ಕಾಣ್ತೈತ್ರಿ ಅಕ್ಕಾರ."

"ನಮ್ಮವ್ವೇನ ಪಿಕ್ನಿಕ್ಕಿಗೆ ಹೋಗಿದ್ಲೇನೋ? ಆ ನೀರು ತಗಿ ಮೊದಲ! ತುಟೀನೂ ಒರಸು!"

ಮೂರು ಸಲ ಗೋಕಾಕಕ್ಕೆ ಅಲೆದ ಮೇಲೆ ಫೋಟೋ ಕೈಗೆ ಬಂತು. ಆ ರಾತ್ರಿ ದಾನೇಶ್ವರಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದಳು. ಮೂಗು ನನ್ನದೇ ಅಂತ ಗಂಡನಿಗೆ ಎರಡೆರಡು ಸಲ ತೋರಿಸಿದಳು.

ವಾಸ್ತುಶಾಂತಿಯ ದಿನ ನಾಗನೂರಿನಿಂದ ಶಿವವ್ವ ಮಗ ಮಹೇಶನ ಜೊತೆ ಬಂದಳು. ಚಿಗವ್ವನಿಗೆ ಏನನ್ನಿಸೀತೋ ಅಂತ ದಾನೇಶ್ವರಿ ಆಕೆಯ ಹಿಂದೆ ಹಿಂದೆಯೇ ನಡೆದಳು. ಮುದುಕಿ ಕೋಲೂರಿಕೊಂಡು ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

"ಇದೇನ ಮಾಡಿಟ್ಟೀಯವಾ?"

"ಬ್ಯಾಸರಾ ಮಾಡ್ಕೋಬ್ಯಾಡ ಚಿಗವ್ವಾ. ಹಡದಾಕೀದು ಒಂದ ಫೋಟೋ ಇರಲಿ ಅಂತ..."

"ಯಾರು ಹಡದಾಕಿ? ಇದು ನಾನ! ಬದುಕಿದಾಕಿಗೆ ಮಾಲಿ ಹಾಕಿ ಊದಿನಕಡ್ಡಿ ಹಚ್ಚೀಯಲ್ಲ, ನನ್ನ ಕಳಿಸಾಕ ಅಷ್ಟ ಅವಸರ ಐತೇನ?"

ಬಂದ ಜನ ಗೊಳ್ಳೆಂದು ನಕ್ಕರು. ದಾನೇಶ್ವರಿಗೆ ಮೈಯೆಲ್ಲ ಉರಿಯಿತು. ಕುರ್ಚಿ ಹತ್ತಿ ಮಾಲೆ ಕಿತ್ತಳು.

"ಸೀರಿ ಅವ್ವಂದು, ಬೋರಮಾಳ ಅವ್ವಂದು, ಒಳಗ ನೀ ಹೆಂಗ ಬಂದಿ?"

"ಅಕ್ಕನ ನನಗ ಉಡಿಸಿದ್ಲು. ಆಗ ನನಗ ಚಲೋ ಸೀರಿ ಎಲ್ಲಿದ್ವು? ಫೋಟೋದಾವ ಬರೋದಕ್ಕೂ ನೀ ಕಿಟ್ಟನ ಕಿರಚೋದಕ್ಕೂ ಸರಿಹೋತು. ನನ್ನ ಒಳಗ ಕರದು ಸೀರಿ ಉಡಿಸಿ, ಕೊಳ್ಳಾಗಿಂದು ತಗದು ಹಾಕಿ, 'ನನ್ನ ಬದಲಿ ನೀ ನಿಂದರು' ಅಂದ್ಲು. ನಿನ್ನ ಎತಗೊಂಡು ಹಿತ್ತಲಕ ಹ್ವಾದ್ಲು."

ದಾನೇಶ್ವರಿ ಕುರ್ಚಿಯಿಂದ ಇಳಿಯುವುದನ್ನೂ ಮರೆತು ನಿಂತಳು. ಇದ್ದ ಒಂದೇ ಫೋಟೋ, ಅದರಲ್ಲೂ ಅವ್ವ ಇಲ್ಲ.

"ಇಷ್ಟ ವರ್ಷ ಯಾಕ ಬಾಯಿ ಬಿಡಲಿಲ್ಲ ನೀ?"

"ನೀ ಎಂದರ ಕೇಳೀಯೇನ? ಇವತ್ತ ಕೇಳ್ತಾಳ, ನಾಳಿ ಕೇಳ್ತಾಳ ಅಂತ ನಾನೂ ಕಾದೆ. ನಿನಗ ಅಕ್ಕನ ನೆನಪ ಬ್ಯಾಡಾಗೇತಿ ಅಂತ ಸುಮ್ಮನಾದೆ."

ಐವತ್ತಕ್ಕೂ ಹೆಚ್ಚು ವರ್ಷ ಇಬ್ಬರೂ ಒಬ್ಬರಿಗೊಬ್ಬರು ನೋಯಬಾರದೆಂದು ತುಟಿ ಹೊಲಿದುಕೊಂಡು ಕೂತಿದ್ದರು! ಯಾರನ್ನು ಬೈಯುವುದು ಅಂತ ದಾನೇಶ್ವರಿಗೆ ತಿಳಿಯಲಿಲ್ಲ.

"ಹೊಳ್ಳಿ ಬಂದ ಮ್ಯಾಲರ ಒಂದ ತಗಿಸಬಾರದಿತ್ತಾ?"

"ಫೋಟೋದಾವ ಭಾಳ ಚಲೋ ಮನಷ್ಯಾ. ಆ ಅಕ್ಕಾರನ್ನೂ ಕರೀರಿ, ಇನ್ನೊಂದ ತಗೀತೇನಿ ಅಂದ. ಕರಿಯಾಕ ನಾನ ಓಡಿ ಹೋದೆ. ನೀ ಆಗ ಅಕ್ಕನ ಹೆಗಲ ಮ್ಯಾಲ ಮಲಗಿ ಬಿಟ್ಟಿದ್ದಿ. 'ಈಗರ ನಿದ್ದಿ ಹತ್ತೇತಿ, ಎಬ್ಬಸಬ್ಯಾಡ. ಫೋಟೋ ಮುಂದ ಎಂದರ ತಗಿಸಿದ್ರಾತು' ಅಂದ್ಲು."

ಹುಕ್ಕೇರಿಯ ಹಿತ್ತಲಲ್ಲಿ ಹಾಯಾಗಿ ಮಲಗಿದ್ದ ಆ ಕೂಸಿನ ಮೇಲೆ ದಾನೇಶ್ವರಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಎಬ್ಬಸಬೇಕಿತ್ತ ಚಿಗವ್ವಾ! ಚಿವುಟಿ ಎಬ್ಬಸಬೇಕಿತ್ತ ಅದನ್ನ!" ಎಂದವಳೇ, ಬಂದ ಜನರೆದುರೇ ಗಟ್ಟಿಯಾಗಿ ಅಳತೊಡಗಿದಳು.