ನಂದಾದೀಪದ ಕೆಳಗಿನ ಬಾಟಲಿಗಳು

ನಾನು ಹುಟ್ಟಾ ಪುಕ್ಕಲಿ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟರೆ ಏನು ಗತಿ ಎಂದು ಹೆದರುತ್ತೇನೆ, ಸರ್ಕಾರದ ಲಕೋಟೆ ಬಂದರೆ ಬಿಚ್ಚುವ ಮೊದಲೇ ಬೆವರುತ್ತೇನೆ, ಕೂಗುವ ಕುಕ್ಕರಿನ ಪಕ್ಕದಲ್ಲೇ ನಿಂತು ಹರಟುವವರನ್ನು ಕಂಡರೆ ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಇಂಥವಳ ಮನೆಗೆ ಒಂದು ಶನಿವಾರ ನನ್ನ ಗಂಡ, ಮುಚ್ಚಳದಲ್ಲಿ ತೂತಿರುವ ದೊಡ್ಡ ಪ್ಲಾಸ್ಟಿಕ್ ಬಕೆಟ್ಟೊಂದನ್ನು ತಬ್ಬಿಕೊಂಡು ಬಂದರು.

ನಾವು ಈ ಪರದೇಶದ ಪುಂಗೋಲ್ ಎಂಬ ಹೊಸ ಬಡಾವಣೆಗೆ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅರ್ಧ ಊರನ್ನು ಇನ್ನೂ ಕಟ್ಟುತ್ತಲೇ ಇದ್ದರು. ಇವರಿಗೆ ಸೆಲೆಟಾರಿನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಕೆಲಸ. ಅಲ್ಲಿನ ಸಹೋದ್ಯೋಗಿಯೊಬ್ಬ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಡುವಾಗ, ಮನೆಯಲ್ಲೇ ಬಿಯರ್ ಮಾಡುವ ಸಾಮಾನನ್ನೆಲ್ಲ ಇವರಿಗೆ ಕೊಟ್ಟು ಹೋಗಿದ್ದ. ಬಕೆಟ್ಟು, ಗಾಜಿನ ಬಾಟಲಿಗಳು, ಬಾಟಲಿಗೆ ಮುಚ್ಚಳ ಒತ್ತುವ ಒಂದು ಕೈಯಂತ್ರ, ಕಾಕಂಬಿಯಂಥ ಮಾಲ್ಟ್ ಪಾಕದ ಡಬ್ಬಿ, ಯೀಸ್ಟಿನ ಪೊಟ್ಟಣ.

"ಇದೆಲ್ಲ ಲೀಗಲ್ಲಾ?" ಎಂದು ಮೊದಲು ಕೇಳಿದೆ.

"ಮನೇಲಿ ಕುಡಿಯೋಕೆ ಮಾಡ್ಕೊಂಡ್ರೆ ಓಕೆ ಕಣೇ. ಸೇಲ್ ಮಾಡ್ಬಾರ್ದು ಅಷ್ಟೆ. ಚೆಕ್ ಮಾಡಿದೀನಿ."

"ಇಲ್ಲೇ ನೆಲೆಸೋಕೆ ಪಿಆರ್‌ಗೆ ಅಪ್ಲೈ ಮಾಡಿರೋ ಟೈಮಲ್ಲಿ ಇದು ಬೇಕಿತ್ತಾ?"

"ಬಿಯರ್ ಮಾಡೋರಿಗೆ ಪಿಆರ್ ರಿಜೆಕ್ಟ್ ಮಾಡ್ತಾರಾ? ಸುಮ್ನೆ ಇರು," ಎಂದು ಒಲೆಯ ಮೇಲೆ ನೀರಿಟ್ಟರು.

ಅವತ್ತು ಅವರು ಮಾಡಿದ ಮಡಿ ನನ್ನ ಅತ್ತೆಯೂ ಮಾಡಿರಲಿಕ್ಕಿಲ್ಲ. ಬಕೆಟ್ಟು, ಚಮಚ, ಪೈಪು ಎಲ್ಲವನ್ನೂ ಔಷಧಿ ನೀರಿನಲ್ಲಿ ಅದ್ದಿ ತೆಗೆದು, ನಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, "ಮುಟ್ಬೇಡ, ಸ್ಯಾನಿಟೈಸ್ ಆಗಿದೆ!" ಎಂದು ಕೂಗುತ್ತಿದ್ದರು. ಪಾಕವನ್ನು ಬಿಸಿನೀರಿಗೆ ಸುರಿದಾಗ ಮನೆಯೆಲ್ಲ ಬೆಲ್ಲ ಕಾಯಿಸಿದ ಹಾಗೆ ಘಮಘಮಿಸಿತು. ಆರಿದ ಮೇಲೆ ಯೀಸ್ಟ್ ಉದುರಿಸಿ, ಮುಚ್ಚಳ ಬಿಗಿದು, ತೂತಿಗೆ ನೀರು ತುಂಬಿದ ಸಣ್ಣ ನಳಿಗೆ ಸಿಕ್ಕಿಸಿದರು. ಮರುದಿನದಿಂದ ಆ ನಳಿಗೆ ಗುಳುಕ್ ಗುಳುಕ್ ಎನ್ನತೊಡಗಿತು. ಹಾಲ್‌ನ ಮೂಲೆಯಲ್ಲಿ ಯಾರೋ ಕೂತು ಎಂಜಲು ನುಂಗಿದಂಥ ಸದ್ದು. ನಾನು ಆ ಕಡೆ ಬೆನ್ನು ಮಾಡಿ ಟಿವಿ ನೋಡುವುದನ್ನೇ ಬಿಟ್ಟೆ.

ಎದುರುಮನೆಯ ಚೀನೀ ಆಂಟಿ ಕಾರಿಡಾರಿನಲ್ಲಿ ಮೂಗರಳಿಸಿ, "ವಾಹ್, ಯು ಬೇಕಿಂಗ್ ಬ್ರೆಡ್ ಆ?" ಎಂದು ಕೇಳಿದರು. "ಎಸ್ ಆಂಟಿ" ಎಂದುಬಿಟ್ಟೆ. ಸುಳ್ಳಿಗೆ ಒಂದು ಬೆಲೆ ಬೇಡವೇ, ಸಂಜೆ ಕೆಳಗಿನ ಬೇಕರಿಯಿಂದ ಬ್ರೆಡ್ಡು ತಂದು, ಕವರು ಬಿಚ್ಚಿ, ಪೇಪರಿನಲ್ಲಿ ಸುತ್ತಿ ಕೊಟ್ಟು ಬಂದೆ. ತುಂಬ ಚೆನ್ನಾಗಿದೆ ಎಂದರು.

ಆದರೆ ನನ್ನ ನಿಜವಾದ ಹೆದರಿಕೆ ಬೇರೆ ಇತ್ತು. "ದೋಸೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿ ಹೊರಗೆ ಬರೋ ಊರು ಇದು. ನಿಮ್ಮ ಬಾಟ್ಲಿ ಮುಚ್ಚಳ ಒತ್ತಿಬಿಟ್ರೆ ಒಳಗಿರೋದು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ್ದೆ. ಅವರು ನಗಲಿಲ್ಲ. ಬಕೆಟ್ಟಿನಲ್ಲಿ ಹುದುಗುವುದು ಪೂರ್ತಿ ನಿಂತ ಮೇಲೆಯೇ ಬಾಟಲಿಗೆ ತುಂಬಬೇಕು, ಬಾಟಲಿಗೆ ಚೂರೇ ಚೂರು ಸಕ್ಕರೆ ಹಾಕಿ ಗ್ಯಾಸು ಬರಿಸಬೇಕು, ಹುದುಗು ಉಳಿದಿರುವಾಗಲೇ ಮುಚ್ಚಿದರೆ ಬಾಟಲಿ ಸಿಡಿಯುತ್ತದೆ ಎಂದು ವಿವರಿಸಿದರು. ಅದಕ್ಕೇ ಅಳೆದು ನೋಡಲು ಗಾಜಿನ ಮಾಪಕವೊಂದಿತ್ತು. ದಿನಾ ಅದನ್ನು ತೇಲಿಬಿಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ವಿಮಾನದ ನಟ್ಟು ಬಿಗಿಯುವವರಲ್ಲವೇ, ಅಷ್ಟರ ಮಟ್ಟಿಗೆ ನನಗೂ ನಂಬಿಕೆ ಇತ್ತು.

ಅಷ್ಟರಲ್ಲಿ ಮೈಸೂರಿನಿಂದ ಅತ್ತೆಯ ಫೋನು ಬಂತು. ದೀಪಾವಳಿಗೆ ಬರಬೇಕಿದ್ದವರು, ನವರಾತ್ರಿಗೇ ಬರುತ್ತೇನೆ, ಟಿಕೆಟ್ ಬದಲಾಯಿಸಿಯಾಯಿತು ಎಂದರು.

ಇಲ್ಲೊಂದು ವಿಷಯ ಹೇಳಬೇಕು. ನನ್ನ ಮಾವ ಕುಡಿದೇ ಹೋದವರು. ನಾನು ಆ ಮನೆಗೆ ಸೊಸೆಯಾಗಿ ಹೋಗುವ ಹೊತ್ತಿಗೆ ಅವರು ಗೋಡೆಯ ಮೇಲಿನ ಫೋಟೊ ಆಗಿದ್ದರು. ಅವರ ಕುಡಿತದ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಒಂದು ತೊಟ್ಟೂ ಮುಟ್ಟುವುದಿಲ್ಲವೆಂದು ಮಗನಿಂದ ಅತ್ತೆ ಭಾಷೆ ತೆಗೆದುಕೊಂಡಿದ್ದರು ಎನ್ನುವುದಷ್ಟೇ ನನಗೆ ಗೊತ್ತಿತ್ತು. ಇವರು ಫ್ರೆಂಡ್ಸ್ ಜೊತೆ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ಅಪರೂಪಕ್ಕೊಮ್ಮೆ ಬಿಯರ್ ಕುಡಿದರೂ, ಮೈಸೂರಿಗೆ ವಿಡಿಯೊ ಕಾಲ್ ಮಾಡುವ ಮೊದಲು ಹಲ್ಲುಜ್ಜುವ ಮನುಷ್ಯ. ಫೋನಿನಲ್ಲಿ ವಾಸನೆ ಹೋಗುತ್ತದೆಯೇ ಎಂದು ನಾನು ಅಣಕಿಸುತ್ತಿದ್ದೆ.

ಅತ್ತೆ ಬರುವ ಹಿಂದಿನ ದಿನ ಮಾಪಕ ನೋಡಿ ಅವರು ತುಟಿ ಕಚ್ಚಿದರು. "ಇನ್ನೂ ಸ್ವಲ್ಪ ದಿನ ಬಿಡ್ಬೇಕಿತ್ತು."

"ಹಾಗಾದ್ರೆ ಚೆಲ್ಲಿಬಿಡಿ."

"ಫಸ್ಟ್ ಬ್ಯಾಚ್ ಕಣೇ ಇದು, ಹೇಗೆ ಚೆಲ್ಲೋದು?" ಎಂದವರು ಎಲ್ಲವನ್ನೂ ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ, ರಟ್ಟಿನ ಪೆಟ್ಟಿಗೆಗಳಲ್ಲಿ ಜೋಡಿಸಿ ಶೆಲ್ಟರಿನಲ್ಲಿ ಬಚ್ಚಿಟ್ಟರು.

ಇಲ್ಲಿನ ಫ್ಲ್ಯಾಟುಗಳಲ್ಲಿ ಯುದ್ಧಗಿದ್ಧ ಬಂದರೆ ಅಡಗಿಕೊಳ್ಳಲೆಂದು ಒಂದು ಪುಟ್ಟ ಕಾಂಕ್ರೀಟ್ ಕೋಣೆ ಕಟ್ಟಿರುತ್ತಾರೆ. ಕಿಟಕಿಯಿಲ್ಲ, ದಪ್ಪ ಗೋಡೆ, ಭಾರದ ಉಕ್ಕಿನ ಬಾಗಿಲು. ಅದೇ ಶೆಲ್ಟರು. ಯುದ್ಧ ಬಾರದ್ದರಿಂದ ನಾವು ಅದರಲ್ಲಿ ಅಕ್ಕಿ ಮೂಟೆ, ಸೂಟ್‌ಕೇಸು ತುಂಬಿದ್ದೆವು. ಮನೆಯಲ್ಲಿ ಅದೇ ತಣ್ಣಗಿನ ಜಾಗ, ಅಮ್ಮ ಸ್ಟೋರ್ ರೂಮಿಗೆ ಯಾಕೆ ಹೋಗುತ್ತಾರೆ ಎಂದು ಇವರ ಲೆಕ್ಕ. ಪೆಟ್ಟಿಗೆಗಳನ್ನು ಕಬ್ಬಿಣದ ರ‍್ಯಾಕಿನ ಕೆಳಗಿನ ಅಟ್ಟಣಿಗೆಗೆ ತಳ್ಳಿ, ಮೇಲೆ ಹಳೇ ಬೆಡ್‌ಶೀಟು ಇಳಿಬಿಟ್ಟರು.

ಅತ್ತೆ ಬಂದರು. ಮಗ ಕಾಫಿ ಕುಡಿಯುತ್ತಿರುವಾಗಲೇ ತಮ್ಮ ಖಾಲಿ ಸೂಟ್‌ಕೇಸನ್ನು ತಾವೇ ಉರುಳಿಸಿಕೊಂಡು ಹೋಗಿ ಶೆಲ್ಟರಿನಲ್ಲಿಟ್ಟರು. ನಾನು ಉಸಿರು ಬಿಗಿಹಿಡಿದು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದವರ ಮುಖದಲ್ಲಿ ಏನೂ ಇರಲಿಲ್ಲ. ಸಂಜೆ ಮಾತ್ರ, "ದೇವರನ್ನ ಅಡುಗೆಮನೆ ಕಪಾಟಲ್ಲಿ ಇಟ್ಟಿದೀರಲ್ಲ, ಮಸಾಲೆ ಡಬ್ಬದ ಪಕ್ಕ! ಆ ಸ್ಟೋರ್ ರೂಮಲ್ಲಿ ಜಾಗ ಇದೆ. ನಾಳೆ ನವರಾತ್ರಿ ಶುರು. ದೇವರು ಅಲ್ಲಿಗೇ ಹೋಗ್ಲಿ," ಎಂದರು.

ನಾನು ಇವರ ಮುಖ ನೋಡಿದೆ, ಇವರು ಫ್ಯಾನಿನ ಮುಖ ನೋಡಿದರು. ನಮ್ಮ ಪರಿಚಯದ ಕನ್ನಡದ ಮನೆಗಳಲ್ಲೆಲ್ಲ ಶೆಲ್ಟರೇ ದೇವರ ಮನೆ. ಬೇಡವೆನ್ನಲು ನಮ್ಮ ಬಳಿ ಕಾರಣವೇ ಇರಲಿಲ್ಲ. ಹೀಗೆ ಅದೇ ರ‍್ಯಾಕಿನ ಮೇಲಿನ ಅಟ್ಟಣಿಗೆಯಲ್ಲಿ ದೇವಿ ಕುಳಿತಳು, ಕೆಳಗೆ ಬಿಯರು. ಅತ್ತೆ ನಂದಾದೀಪವನ್ನೂ ಹಚ್ಚಿದರು. ಹಬ್ಬ ಮುಗಿಯುವವರೆಗೂ ಅದು ಆರಬಾರದು. ಹಾಲ್‌ನ ಗಾಳಿ ದೀಪಕ್ಕೆ ತಾಗಬಾರದೆಂದು ಉಕ್ಕಿನ ಬಾಗಿಲನ್ನು ಸಣ್ಣ ಸಂದಿ ಬಿಟ್ಟು ಎಳೆದುಕೊಂಡು, ಒಳಗೆ ಮಣೆ ಹಾಕಿ ಪಾರಾಯಣಕ್ಕೆ ಕೂತರು.

ದೀಪ ಬಿಟ್ಟು ಅವರು ಮನೆಯಿಂದ ಹೊರಗೆ ಹೆಜ್ಜೆಯಿಡಲಿಲ್ಲ. ಹತ್ತಿರದ ವಾಟರ್‌ವೇ ಕಾಲುವೆ ಪಾರ್ಕು ತೋರಿಸುತ್ತೇನೆ ಎಂದು ಮಗ ಕರೆದರೆ ಇಲ್ಲ, ದೇವಸ್ಥಾನಕ್ಕೆ ಎಂದರೂ ಇಲ್ಲ. ರಾತ್ರಿಯೂ ದೀಪ ಕಾಯಲೆಂದು ಆ ಬಾಗಿಲ ಬಳಿಯೇ ಚಾಪೆ ಹಾಸಿ ಮಲಗುತ್ತಿದ್ದರು. ಬಾಟಲಿ ಸಾಗಿಸುವ ದಾರಿಯೇ ಇರಲಿಲ್ಲ. ನಾನು ನೈವೇದ್ಯ ಇಡಲು ಹೋದಾಗಲೆಲ್ಲ ಆ ಕೋಣೆಯ ಸೆಖೆ ಮುಖಕ್ಕೆ ರಾಚುತ್ತಿತ್ತು. ಹಗಲೂ ರಾತ್ರಿ ಉರಿಯುವ ದೀಪ, ಮುಚ್ಚಿದ ಬಾಗಿಲು. ತಣ್ಣಗಿನ ಜಾಗ ಎಂದಿದ್ದು ಎಲ್ಲಿ ಹೋಯಿತೋ. "ಅಲ್ಲಿ ಬಿಸಿ ಆಗ್ತಿದೆ ರೀ" ಎಂದರೆ ಇವರು, "ಏನೂ ಆಗಲ್ಲ" ಎನ್ನುತ್ತಿದ್ದರು. ಆ 'ಏನೂ ಆಗಲ್ಲ' ದಿನದಿನಕ್ಕೆ ಸಣ್ಣ ದನಿಯಲ್ಲಿ ಬರತೊಡಗಿತು.

ಹಬ್ಬದ ನಡುವಿನ ಒಂದು ಬೆಳಗ್ಗೆ, ಇವರು ಕೆಲಸಕ್ಕೆ ಹೋಗಿದ್ದರು, ಅತ್ತೆ ಸ್ನಾನಕ್ಕೆ ಹೋಗಿದ್ದರು. ಶೆಲ್ಟರಿನಿಂದ ಢಬ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಬೆಡ್‌ಶೀಟಿನಡಿಯಿಂದ ನೊರೆ ಹರಿದು ಬರುತ್ತಿತ್ತು. ರಟ್ಟನ್ನು ಸೀಳಿ ಹೊರಬಂದ ಗಾಜಿನ ಚೂರೊಂದು ಅಕ್ಕಿ ಮೂಟೆಗೆ ನೆಟ್ಟುಕೊಂಡಿತ್ತು. ಅತ್ತೆಯ ಮಣೆ ಆ ಮೂಟೆಯ ಪಕ್ಕದಲ್ಲೇ ಇತ್ತು.

ಫೋನು ಮಾಡಿದೆ. ಇವರು, "ನೀನು ಏನೂ ಮುಟ್ಬೇಡ. ಅಮ್ಮನ್ನ ಒಳಗೆ ಬಿಡ್ಬೇಡ. ಒಂದು ಹೋದ್ರೆ ಉಳಿದಿದ್ದೂ ಹೋಗ್ತವೆ. ಟ್ಯಾಕ್ಸಿ ಹಿಡೀತಿದೀನಿ," ಎಂದರು. ವಿಮಾನದ ಎಂಜಿನ್ನಿನ ತೊಂದರೆಯನ್ನೂ ತಮಾಷೆಯಾಗಿ ಹೇಳುವ ಮನುಷ್ಯನ ದನಿ ನಡುಗುತ್ತಿತ್ತು.

ಅತ್ತೆ ಮಡಿಸೀರೆ ಉಟ್ಟು ಎಣ್ಣೆಯ ಗಿಂಡಿ ಹಿಡಿದು ಬಂದರು. ನಾನು ಶೆಲ್ಟರಿನ ಬಾಗಿಲಿಗೆ ಅಡ್ಡ ನಿಂತಿದ್ದೆ.

"ದಾರಿ ಬಿಡಮ್ಮ, ದೀಪಕ್ಕೆ ಎಣ್ಣೆ ಹಾಕ್ಬೇಕು."

"ಈಗ ಬೇಡ ಅತ್ತೆ. ಒಳಗೆ... ಜಿರಳೆ ಔಷಧಿ ಹೊಡೆದಿದೀನಿ."

"ನವರಾತ್ರೀಲಿ? ದೇವರ ಮುಂದೆ? ನಿನಗೇನಾಗಿದೆ?" ಅವರು ಮುಂದೆ ಬಂದರು. ಪೂಜೆ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ನನ್ನದಿನ್ನೂ ಸ್ನಾನವಾಗಿರಲಿಲ್ಲ. ಅವರು ಒಂದೊಂದು ಹೆಜ್ಜೆ ಇಟ್ಟ ಹಾಗೆಲ್ಲ ಮೈತಾಗದಿರಲೆಂದು ನಾನು ಪಕ್ಕಕ್ಕೆ ಸರಿದೆ. ಅಷ್ಟು ವರ್ಷದ ಅಭ್ಯಾಸ, ಕಾಲು ತಾನಾಗಿಯೇ ಸರಿಯಿತು. ಅವರು ಒಳಗೆ ಹೋಗಿಬಿಟ್ಟರು.

"ಅತ್ತೆ, ಹೊರಗೆ ಬನ್ನಿ! ದಮ್ಮಯ್ಯ!" ಎಂದೆ. ಅವರು ಬಾಯಲ್ಲೇನೋ ಶ್ಲೋಕ ಹೇಳುತ್ತಾ, ಇರು ಎಂಬಂತೆ ಎಡಗೈ ಎತ್ತಿ, ಬಲಗೈಯಿಂದ ಎಣ್ಣೆ ಎರೆಯುತ್ತಿದ್ದರು. ಅವರ ಮೊಣಕಾಲು ಬೆಡ್‌ಶೀಟಿಗೆ ತಾಗುತ್ತಿತ್ತು. ಕೆಳಗೆ ಎಲ್ಲೋ ಟಿಕ್ ಎಂದಿತು. ಆಮೇಲೆ ನಾನು ಏನು ಮಾಡಿದೆನೋ ಸರಿಯಾಗಿ ನೆನಪಿಲ್ಲ. ಒಳಗೆ ನುಗ್ಗಿ ಅವರ ರಟ್ಟೆ ಹಿಡಿದು ಎಳೆದೆ. ಗಿಂಡಿ ಉರುಳಿತು. ಇಬ್ಬರೂ ಹಾಲ್‌ನ ನೆಲದ ಮೇಲೆ ಬಿದ್ದೆವು. ಹಿಂದೆ ಎರಡು ಬಾಟಲಿ ಒಟ್ಟಿಗೆ ಸಿಡಿದವು, ಉಕ್ಕಿನ ಬಾಗಿಲಿಗೆ ಗಾಜು ಬಡಿದ ಸದ್ದು ಕೇಳಿಸಿತು.

"ಅದು ಬಿಯರು ಅತ್ತೆ," ಎಂದು ಅಳುತ್ತಾ ಹೇಳಿದೆ. "ಇವರು ಮಾಡಿದ್ದು. ಮನೇಲೇ ಮಾಡಿದ್ದು. ನಿಮಗೇನಾದ್ರೂ ಆಗಿದ್ರೆ..." ಅವರು ನನ್ನ ಬೆನ್ನು ಸವರುತ್ತಾ ಕೂತರು. ಮಡಿ ಹೋಯಿತೆಂದು ಒಂದು ಮಾತೂ ಆಡಲಿಲ್ಲ.

ಇವರು ಬಂದವರೇ ಅಮ್ಮನ ಕಾಲು ಕೈ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಆಫೀಸಿನ ರಕ್ಷಣಾ ಕನ್ನಡಕ, ದಪ್ಪ ಗ್ಲೌಸು, ಮೇಲೆ ಚಳಿಗಾಲದ ಜಾಕೆಟ್ಟು ಹಾಕಿಕೊಂಡು ಶೆಲ್ಟರಿಗೆ ಹೋದರು. ಒಂದೊಂದೇ ಬಾಟಲಿಗೆ ಒದ್ದೆ ಟವೆಲು ಸುತ್ತಿ ಮುಚ್ಚಳ ಸಡಿಲಿಸುತ್ತಿದ್ದರು. ಪ್ರತಿಯೊಂದೂ ಬುಸ್ಸೆಂದಾಗ ನಾನು ಬೆಚ್ಚಿಬೀಳುತ್ತಿದ್ದೆ.

"ದೀಪಕ್ಕೆ ಎಣ್ಣೆ ಹಾಕೋ, ಆರೀತು," ಎಂದು ಅತ್ತೆ ಕೂಗಿ ಹೇಳಿದರು. ಅಷ್ಟು ಹೇಳಿ ನನ್ನನ್ನು ಎಬ್ಬಿಸಿಕೊಂಡು ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿದರು.

"ನಾನು ಬಂದ ದಿನವೇ ನೋಡಿದೆ. ಆ ವಾಸನೆ ನನಗೆ ಗೊತ್ತಾಗಲ್ವಾ?" ಎಂದರು. "ನಾನು ಇರೋವರೆಗಾದ್ರೂ ಅವನು ಅದರ ಹತ್ತಿರ ಹೋಗ್ಬಾರ್ದು ಅಂತ ದೇವರನ್ನ ಅಲ್ಲಿಗೆ ತಂದಿಟ್ಟೆ. ಅಲ್ಲೇ ಕೂತೆ."

ಅವರು ಬಾಗಿಲಿನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. ಸಿಡಿಯುವ ಬಾಟಲಿಗಳ ನಡುವಿಂದ ಎಳೆದು ತಂದಾಗಲೂ ಕಾಣದಿದ್ದ ಹೆದರಿಕೆ ಆಗ ಅವರ ಕಣ್ಣಲ್ಲಿತ್ತು.

"ನನ್ನ ಮಗ ಅಂತ ಮುಚ್ಚಿಡ್ಬೇಡ. ಕುಡಿದು ಬಂದಾಗ ನಿನ್ನ ಮೇಲೆ ಕೈ ಮಾಡ್ತಾನಾ?"

"ಅಯ್ಯೋ ಇಲ್ಲ ಅತ್ತೆ. ಯಾವತ್ತೂ ಇಲ್ಲ."

"ನಮ್ಮತ್ತೆ ಕೇಳಿದಾಗ ನಾನೂ ಹೀಗೇ ಹೇಳ್ತಿದ್ದೆ," ಎಂದರು.

ಆಮೇಲೆ ನನ್ನನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ, ಕುರ್ತಾದ ತೋಳು ಮೇಲೇರಿಸಿ, ಬೆಳಕಿಗೆ ಹಿಡಿದು, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ತಿರುಗಿಸಿ ತಿರುಗಿಸಿ ನೋಡಿದರು. ನಾನು ಕೈ ಬಿಡಿಸಿಕೊಳ್ಳದೆ ಅವರು ನೋಡಿ ಮುಗಿಸುವವರೆಗೂ ನಿಂತೆ.