ತೊಲೆ ಬದಲಿಸುವ ಸಾಲು

ಹಳೆಯ ಕಟ್ಟಡಗಳನ್ನು ನವೀಕರಿಸುವ ಕಡೂರಿನ ಗುತ್ತಿಗೆದಾರರೊಬ್ಬರ ಬಳಿ ಎಸ್ಟಿಮೇಟ್ ಹಾಕುವುದು ನನ್ನ ಕೆಲಸ. ಅಲ್ಲಿರುವವರಲ್ಲಿ ನಾನೇ ಹಿರಿಯಳು. ಒಮ್ಮೆ ಅಜ್ಜಂಪುರದಲ್ಲಿ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯೊಂದನ್ನು ಹೊಲಿಗೆ ಘಟಕವಾಗಿ ಮಾಡುವ ಕೆಲಸ ಬಂತು. ಅಳತೆಗೆ ಹೋದಾಗ ನೋಡಿದರೆ ಚಾವಣಿಯ ಮರದ ತೊಲೆಗಳನ್ನು ಗೆದ್ದಲು ತಿಂದು ಟೊಳ್ಳು ಮಾಡಿತ್ತು. ಅವನ್ನು ಬದಲಿಸಬೇಕೆಂದು ಎಸ್ಟಿಮೇಟಿನ ಮೊದಲ ಸಾಲಿನಲ್ಲೇ ಬರೆದೆ.

ಗಿರಣಿಯ ಮಾಲೀಕರಿಗೆ ಅದು ಹಿಡಿಸಲಿಲ್ಲ. ಗುತ್ತಿಗೆದಾರರನ್ನೂ ನನ್ನನ್ನೂ ಗಿರಣಿಗೆ ಕರೆಸಿ, "ಆ ಸಾಲು ಹೊಡೆದಾಕಿ. ಕೆಳಗೆ ಫಾಲ್ಸ್ ಸೀಲಿಂಗ್ ಹಾಕ್ಬಿಟ್ರೆ ಯಾರಿಗೆ ಕಾಣುತ್ತೆ?" ಎಂದರು.

ಗುತ್ತಿಗೆದಾರರು ನನ್ನತ್ತ ತಿರುಗಿ, "ಹೊಡೆದಾಕಮ್ಮಾ, ಅವ್ರ ಕಟ್ಟಡ, ಅವ್ರಿಷ್ಟ" ಎಂದರು.

"ಕೆಳಗೆ ಕೂತು ಹೊಲಿಯೋರು ಹೆಣ್ಮಕ್ಳು ಸಾರ್. ನಾನು ಹೊಡೆದಾಕಲ್ಲ," ಎಂದೆ.

ಏಣಿ ಹತ್ತಿ ಸ್ಕ್ರೂಡ್ರೈವರನ್ನು ತೊಲೆಗೆ ಒತ್ತಿದೆ. ಅದು ಹಿಡಿಯವರೆಗೂ ಒಳಗಿಳಿಯಿತು. ಗೆದ್ದಲ ಮಣ್ಣು ಮಾಲೀಕರ ಬಿಳಿ ಅಂಗಿಯ ಮೇಲೆ ಸುರಿಯಿತು.

ಘಟಕ ನಡೆಸಬೇಕಿದ್ದ ಅವರ ಹೆಂಡತಿ ಅಲ್ಲೇ ನಿಂತಿದ್ದರು. "ತೊಲೆ ಬದಲಾಯಿಸೋ ತನಕ ನಾನಿದರೊಳಗೆ ಕಾಲಿಡಲ್ಲ ಕಣ್ರೀ," ಎಂದು ಗಂಡನಿಗೆ ಹೇಳಿ ಹೊರಗೆ ನಡೆದುಬಿಟ್ಟರು.

ತೊಲೆಗಳೇನೋ ಬದಲಾದವು. ಆದರೆ ಮಾಲೀಕರು ಅದನ್ನೂ ಸೇರಿಸಿ ಇಡೀ ಕೆಲಸವನ್ನು ತರೀಕೆರೆಯ ಬೇರೊಬ್ಬ ಗುತ್ತಿಗೆದಾರರಿಗೆ ಕೊಟ್ಟರು. "ಬಂದಿದ್ದ ಕೆಲ್ಸ ನಿನ್ನ ಹಟದಿಂದ ಹೋಯ್ತು," ಎಂದು ನಮ್ಮ ಗುತ್ತಿಗೆದಾರರು ತಿಂಗಳುಗಟ್ಟಲೆ ಹೇಳುತ್ತಲೇ ಇದ್ದರು.

"ಹೋಗ್ಲಿ ಸಾರ್. ಮುಂದಿನ ಕಟ್ಟಡಕ್ಕೂ ಹಿಂಗೇ ಬರೀತೀನಿ," ಎಂದೆ. ಇವತ್ತಿಗೂ ಹಾಗೆಯೇ ಬರೆಯುತ್ತಿದ್ದೇನೆ.