ಟೆಂಪೊ ಮೇಲೆ ಬಂದ ಸೈಕಲ್ಲು

ನಮ್ಮಕ್ಕನಿಗೆ ಐವತ್ತು ದಾಟಿದೆ, ನನಗೆ ಅದರ ಹತ್ತಿರ. ಅವಳ ಮೊಣಕಾಲು ನೋವೆಂದು ಕೋಲಾರದಲ್ಲಿ ತೋರಿಸಿದಾಗ ಡಾಕ್ಟರು ಸೈಕಲ್ ತುಳಿಯಿರಿ, ಆದರೆ ಬಿಡದೆ ತುಳಿಯಬೇಕು ಅಂದರು. ಅಕ್ಕ ಹುಡುಗಿಯಾಗಿದ್ದಾಗಲೇ ಸೈಕಲ್ ಕಲಿತವಳು. ಆದರೆ ಈಗ ಮನೆಗೆ ಸೊಸೆ ಬಂದ ಮೇಲೆ, ತನ್ನೂರು ದೇವರಾಯಸಮುದ್ರದ ಬೀದಿಯಲ್ಲಿ ಸೀರೆ ಎತ್ತಿ ಕಟ್ಟಿ ಸೈಕಲ್ ಹತ್ತಲು ಅವಳಿಗೆ ಸಂಕೋಚ. ನೀನು ಜೊತೆಗೆ ಬಂದರೆ ತುಳೀತೀನಿ, ಇಲ್ಲದಿದ್ದರೆ ಇಲ್ಲ ಅಂದಳು. ನನಗೂ ಹೊಟ್ಟೆ ಬಂದಿತ್ತು, ಒಪ್ಪಿಕೊಂಡೆ. ಮುಳಬಾಗಿಲು ಕಡೆಯ ನಮ್ಮೂರಿಂದ ನಾನು ಸೈಕಲ್ಲಿನಲ್ಲಿ ಬರುವುದು, ಅವಳು ಕೆರೆ ಕಟ್ಟೆ ಮೇಲೆ ಕಾಯುವುದು, ಅಲ್ಲಿಂದ ಇಬ್ಬರೂ ಒಂದು ಸುತ್ತು.

ಮೊದಮೊದಲು ಚೆನ್ನಾಗೇ ನಡೆಯಿತು. ಟೀ ಅಂಗಡಿಯ ಮುದುಕ, ಅಕ್ಕ ತಮ್ಮ ಇಬ್ಬರೂ ಹೈಸ್ಕೂಲಿಗೆ ಸೇರಿಕೊಂಡಿರಾ ಎಂದು ದಿನಾ ಕೇಳುತ್ತಿದ್ದ. ಇವನು ಏಳನೇ ಕ್ಲಾಸಿಗೇ ಬಿಟ್ಟೋನು, ಈಗಲಾದರೂ ಓದಲಿ ಬಿಡು ಎಂದು ಅಕ್ಕ ತಿರುಗಿಸಿ ಕೊಡುತ್ತಿದ್ದಳು.

ಆಮೇಲೆ ಚಳಿ ಬಂತು. ನಮ್ಮೂರ ಟೊಮೇಟೊ ಟೆಂಪೊ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಕೋಲಾರದ ಮಾರ್ಕೆಟ್ಟಿಗೆ ಹೊರಡುತ್ತದೆ. ಒಂದು ಬೆಳಿಗ್ಗೆ ಸೈಕಲ್ಲನ್ನು ಟೊಮೇಟೊ ಬಾಕ್ಸುಗಳ ಮೇಲೆ ಮಲಗಿಸಿ ಹಗ್ಗ ಬಿಗಿದು, ನಾನು ಡ್ರೈವರ್ ಪಕ್ಕ ಕೂತೆ. ಕಟ್ಟೆಗೆ ಮುಂಚಿನ ತಿರುವಿನಲ್ಲಿ ಇಳಿದು, ಬಾಟಲಿ ನೀರನ್ನು ಕತ್ತಿಗೂ ಅಂಗಿಗೂ ಚಿಮುಕಿಸಿಕೊಂಡು ತುಳಿದೆ. ಬೆವರೆಂದುಕೊಂಡು ಅಕ್ಕ ಸೆರಗಿನಲ್ಲಿ ಒರೆಸಿದಳು. ಅವತ್ತೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಅದೇ ರೂಢಿಯಾಯಿತು.

ಅವಳಿಗೆ ಮಾತ್ರ ಛಲ ಬಂದಿತ್ತು. ಕಾಲು ಹಿಡಿದುಕೊಂಡ ದಿನವೂ, ತಮ್ಮ ಅಷ್ಟು ದೂರದಿಂದ ತುಳಿದುಕೊಂಡು ಬರುವಾಗ ನಾನು ಮಲಗಿರೋದಾ ಎಂದು ಎದ್ದು ಬರುತ್ತಿದ್ದಳಂತೆ. ಭಾವ ಇದನ್ನು ಹೆಮ್ಮೆಯಿಂದ ಹೇಳಿದಾಗ ನಾನು ತಲೆ ಎತ್ತದೆ ಮುದ್ದೆ ನುಂಗಿದೆ.

ಒಂದು ದಿನ ಅವಳು ಕಟ್ಟೆಯಲ್ಲಿ ಕಾಯದೆ ನನಗೆ ಎದುರಾಗಿ ತಿರುವಿನ ತನಕ ತುಳಿದುಕೊಂಡು ಬಂದುಬಿಟ್ಟಿದ್ದಳು. ಅಷ್ಟು ದೂರ ಒಬ್ಬಳೇ ಬಂದದ್ದು ಅದೇ ಮೊದಲು. ನಾನು ಟೆಂಪೊ ಪಕ್ಕ ನಿಂತು ಕತ್ತಿಗೆ ನೀರು ಹಾಕಿಕೊಳ್ಳುತ್ತಿದ್ದೆ. ಡ್ರೈವರ್ ಮೇಲಿಂದ ಸೈಕಲ್ ಇಳಿಸುತ್ತಾ, ನಾಳೆ ಬೇಗ ಬಾ ಅಣ್ಣಾ, ಲೋಡು ಜಾಸ್ತಿ ಇದೆ ಅಂದ.

"ದಿನಾ ಹಿಂಗೇನಾ?" ಅಂದಳು ಅಕ್ಕ. ಅವಳ ಮುಖದ ತುಂಬ ಬೆವರಿತ್ತು.

ನಾನು ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದೆ.

"ನಿನ್ನ ನೋಡ್ಕೊಂಡು ತುಳೀತಿದ್ದೆ ಕಣೋ ನಾನು."

ಅಷ್ಟೇ ಅಂದದ್ದು. ತನ್ನ ಸೈಕಲ್ಲನ್ನು ತಳ್ಳಿಕೊಂಡೇ ಊರಿಗೆ ಹೋದಳು, ಹತ್ತಲಿಲ್ಲ.

ಮಾರನೇ ದಿನದಿಂದ ನಾನು ನಿಜವಾಗಿ ತುಳಿದುಕೊಂಡು ಹೋಗುತ್ತಿದ್ದೇನೆ. ಕಟ್ಟೆ ಮೇಲೆ ಅವಳಿರುವುದಿಲ್ಲ. ಮನೆಗೆ ಹೋದರೆ ಕಾಫಿ ಕೊಡುತ್ತಾಳೆ, ಮಕ್ಕಳನ್ನು ವಿಚಾರಿಸುತ್ತಾಳೆ. ಸೈಕಲ್ ಮಾತೆತ್ತಿದರೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಬೇಕೆಂದು ಗೋಡೆ ಹಿಡಿದು ಏಳುತ್ತಾಳೆ. ನನ್ನ ಹೊಟ್ಟೆ ಕರಗಿದೆ, ಕಾಲು ಗಟ್ಟಿಯಾಗಿದೆ. ಅವಳ ಮುಂದೆ ಅದನ್ನು ಚಾಚಿ ಕೂರಲು ನಾಚಿಕೆ. ಮಡಚಿಕೊಂಡು ಕೂರುತ್ತೇನೆ.